ಕಬ್ಬಿನ ದರದ ಕೀಲಿ ಯಾರ ಕೈಲಿ?

ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ 2025ರ ಅಕ್ಟೋಬರ್ ಕೊನೆಗೆ ಕಬ್ಬು ಬೆಳೆಗಾರರು ರಸ್ತೆಯಲ್ಲೇ ಕೂತರು. ಟನ್‌ಗೆ ₹3,500 ಕೈಗೆ ಬರಬೇಕು ಎಂಬುದು ಬೇಡಿಕೆ. ವಾರ ಉರುಳಿ ನವೆಂಬರ್ 7ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ₹3,300 ಎಂದರು. ಇದರಲ್ಲಿ ಕಾರ್ಖಾನೆಯವರು ₹50, ಸರ್ಕಾರ ₹50 ಹೆಚ್ಚುವರಿಯಾಗಿ ಹಾಕುವುದೆಂದು ತೀರ್ಮಾನವಾಯಿತು. ಆ ವಾರವಿಡೀ ಹೊಣೆ ಮಾತ್ರ ಊರೂರು ಅಲೆಯುತ್ತಿತ್ತು. ಜಗತ್ತಿನ ಮಾರುಕಟ್ಟೆಯಲ್ಲೇ ಸಕ್ಕರೆ ಬಿದ್ದಿದೆ ಎಂದರು ಕಾರ್ಖಾನೆಯವರು. ದರ ಕಟ್ಟುವುದು ಕೇಂದ್ರ ಎಂದಿತು ರಾಜ್ಯ. ರಾಜ್ಯಕ್ಕೂ ಹೊಣೆಯಿದೆ ಎಂದಿತು ಕೇಂದ್ರ.

ಜಾಗತೀಕರಣದ ಕಾಲದಲ್ಲಿ ಪ್ರಜಾಪ್ರಭುತ್ವ ಉಳಿದೀತೇ ಎಂಬ ದೊಡ್ಡ ಪ್ರಶ್ನೆಯನ್ನು ಸಾಮಾನ್ಯವಾಗಿ ಯುರೋಪಿನ, ಅಮೆರಿಕದ ಉದಾಹರಣೆ ಇಟ್ಟುಕೊಂಡು ಕೇಳುತ್ತೇವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಬ್ಬಿನ ಗದ್ದೆಯಲ್ಲಿ ನಿಂತು ಕೇಳಿದರೆ ಉತ್ತರ ಹೆಚ್ಚು ಖಚಿತವಾಗಿ ಸಿಗುತ್ತದೆ. ಅಧಿಕಾರ ದೇಶ ಬಿಟ್ಟು ಹೋಗಿದೆ ಎಂಬ ಮಾತು ಅರ್ಧ ಸತ್ಯ. ಬಹುಪಾಲು ಅಧಿಕಾರ ಇಲ್ಲೇ ಇದೆ, ಆದರೆ ಯಾರೂ ಕಣ್ಣಿಡದ ಮೆಟ್ಟಿಲ ಮೇಲೆ ಕೂತಿದೆ. 'ಜಾಗತಿಕ ಮಾರುಕಟ್ಟೆ' ಎಂಬುದು ಅದರ ಮುಂದೆ ಇಳಿಬಿಟ್ಟ ಪರದೆ.

ಮೊದಲು ಪರದೆಯನ್ನೇ ನೋಡೋಣ. ಕಚ್ಚಾ ಸಕ್ಕರೆಯ ಜಾಗತಿಕ ದರ ನ್ಯೂಯಾರ್ಕ್‌ನಲ್ಲಿ ಪೌಂಡ್‌ಗೆ ಇಷ್ಟು ಸೆಂಟ್ ಎಂದು ನಿಲ್ಲುತ್ತದೆ. ಅದನ್ನು ನಮ್ಮ ಲೆಕ್ಕಕ್ಕೆ ತರುವುದು ಸುಲಭ: ಸೆಂಟ್‌ಗಳನ್ನು 22.046ರಿಂದ ಗುಣಿಸಿದರೆ ಟನ್‌ಗೆ ಡಾಲರ್, ಅದನ್ನು ರೂಪಾಯಿ ವಿನಿಮಯ ದರದಿಂದ ಗುಣಿಸಿದರೆ ಟನ್‌ಗೆ ರೂಪಾಯಿ. 2023ರ ನವೆಂಬರ್‌ನಲ್ಲಿ ದರ 28 ಸೆಂಟ್‌ವರೆಗೆ ಏರಿತ್ತು. ಡಾಲರ್‌ಗೆ ₹83 ಹಿಡಿದರೆ ಕಿಲೋಗೆ ಸುಮಾರು ₹51. ಎರಡು ವರ್ಷದ ನಂತರ, ಗುರ್ಲಾಪುರದ ಧರಣಿಯ ಹೊತ್ತಿಗೆ, ಅದು 14–15 ಸೆಂಟ್‌ಗೆ ಇಳಿದಿತ್ತು, ಅಂದರೆ ಕಿಲೋಗೆ ಸುಮಾರು ₹28. ಬ್ರೆಜಿಲ್‌ನ ಕಾರ್ಖಾನೆಗಳು ಪೆಟ್ರೋಲ್ ದರ ನೋಡಿಕೊಂಡು ಸಕ್ಕರೆಯಿಂದ ಎಥೆನಾಲ್‌ಗೆ, ಎಥೆನಾಲ್‌ನಿಂದ ಸಕ್ಕರೆಗೆ ಹೊರಳುತ್ತವೆ. ಆ ಹೊರಳಾಟ ಯಾವ ಮುಧೋಳದ ಮತಕ್ಕೂ ಬಗ್ಗುವುದಿಲ್ಲ, ನಿಜ.

ಆದರೆ ಆ ₹51 ಇದ್ದಾಗ ನಮ್ಮ ರೈತನಿಗೆ ಏನು ಸಿಕ್ಕಿತು? ಏನೂ ಇಲ್ಲ. ಭಾರತ 2021–22ರಲ್ಲಿ ಸುಮಾರು 1.1 ಕೋಟಿ ಟನ್ ಸಕ್ಕರೆ ಹೊರಗೆ ಕಳಿಸಿತ್ತು. 2022ರ ಜೂನ್ 1ರಿಂದ ರಫ್ತಿಗೆ ನಿರ್ಬಂಧ ಬಿತ್ತು, 2023–24ರ ಹಂಗಾಮಿಗೆ ಕೋಟಾವನ್ನೇ ಕೊಡಲಿಲ್ಲ. ಜಗತ್ತಿನಲ್ಲಿ ದರ ಹನ್ನೆರಡು ವರ್ಷದಲ್ಲೇ ಎತ್ತರದಲ್ಲಿದ್ದಾಗ ಬಾಗಿಲು ಹಾಕಿತ್ತು. ಮುಂದೆ 2025ರ ಜನವರಿಯಲ್ಲಿ 10 ಲಕ್ಷ ಟನ್, 2025–26ಕ್ಕೆ 15 ಲಕ್ಷ ಟನ್ ರಫ್ತಿಗೆ ಅನುಮತಿ ಬಂತು, ದರ ಇಳಿದ ಮೇಲೆ. ಇನ್ನೊಂದು ಕಡೆ ಆಮದು ಸಕ್ಕರೆಯ ಮೇಲೆ 2018ರ ಫೆಬ್ರವರಿಯಿಂದ ನೂರಕ್ಕೆ ನೂರು ಸುಂಕವಿದೆ, ಹಾಗಾಗಿ ಬ್ರೆಜಿಲ್‌ನ ₹28ರ ಸಕ್ಕರೆ ಹುಬ್ಬಳ್ಳಿಯ ಅಂಗಡಿಗೆ ಬರುವುದೂ ಇಲ್ಲ. ಧರಣಿಯ ಹೊತ್ತಿಗೆ ದೇಶದೊಳಗೆ ಕಾರ್ಖಾನೆ ಬಾಗಿಲ ದರ ₹38ರ ಆಚೀಚೆ ಇತ್ತು.

ಅಂದ ಮೇಲೆ ಆ ₹38ನ್ನು ಯಾರು ನಿಲ್ಲಿಸುತ್ತಾರೆ? ಪ್ರತಿ ಕಾರ್ಖಾನೆ ಆಯಾ ತಿಂಗಳು ಎಷ್ಟು ಸಕ್ಕರೆ ಮಾರಬೇಕೆಂದು ಕೇಂದ್ರ ಆಹಾರ ಇಲಾಖೆ ಕೋಟಾ ಹೊರಡಿಸುತ್ತದೆ. 2018ರ ಜೂನ್‌ನಿಂದ ಈ ಪದ್ಧತಿ ಇದೆ. ಸಕ್ಕರೆಯ ಕನಿಷ್ಠ ಮಾರಾಟ ದರವನ್ನು 2019ರ ಫೆಬ್ರವರಿಯಲ್ಲಿ ಕಿಲೋಗೆ ₹31 ಮಾಡಿ, ಆಮೇಲೆ ಆರು ವರ್ಷ ಅಲ್ಲಾಡಿಸಲಿಲ್ಲ. ಎಥೆನಾಲ್ ದರ, ಖರೀದಿಯ ಪಾಲು, ರಫ್ತಿನ ಅನುಮತಿ ಎಲ್ಲವೂ ಅದೇ ದಿಲ್ಲಿಯಲ್ಲಿ. 2023ರ ಡಿಸೆಂಬರ್ 7ರಂದು, ಹಂಗಾಮು ಭರಾಟೆಯಲ್ಲಿದ್ದಾಗ, ಕಬ್ಬಿನ ಹಾಲಿನಿಂದ ನೇರ ಎಥೆನಾಲ್ ಮಾಡುವಂತಿಲ್ಲ ಎಂಬ ಆದೇಶ ಬಂತು. ಸುಮಾರು ಒಂದು ವಾರದಲ್ಲಿ ಅದೇ ಆದೇಶ ಸಡಿಲಾಯಿತು. ಡಿಸ್ಟಿಲರಿಗೆ ಸಾಲ ತಂದು ದುಡ್ಡು ಸುರಿದವರು ಯಾವ ಲೆಕ್ಕ ನಂಬಬೇಕು?

ಇದನ್ನು ಪ್ರಜಾಪ್ರಭುತ್ವದ ಸೋಲು ಎನ್ನಲು ಬಾರದು ಎಂಬುದೇ ಇದರ ಬಿಕ್ಕಟ್ಟು. ಚುನಾವಣೆ ಹತ್ತಿರವಿದ್ದಾಗ ಸಕ್ಕರೆ ದುಬಾರಿಯಾಗಬಾರದು ಎಂಬುದೂ ಮತದಾರರ ಒತ್ತಡವೇ. ಸಕ್ಕರೆ ತಿನ್ನುವವರು ಬೆಳೆಯುವವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಅವರ ಮತ ದಿಲ್ಲಿಗೆ ಮುಟ್ಟಿತು. ಬೆಳೆದವರ ಮತ ಮುಟ್ಟಲಿಲ್ಲ. ಲಾಭ ಬರುವಾಗ ಮಾರುಕಟ್ಟೆ ದೇಶದ್ದು, ನಷ್ಟ ಬಂದಾಗ ಜಗತ್ತಿನದು ಎಂಬ ಲೆಕ್ಕ ಇಲ್ಲಿ ಹುಟ್ಟುತ್ತದೆ.

ಹಾಗಾದರೆ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆ? ಅದರ ಕತೆ ಇನ್ನೂ ವಿಚಿತ್ರ. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ 2019ರಲ್ಲಿ ಭಾರತದ ಮೇಲೆ ದೂರು ಹಾಕಿದವು. ಕಬ್ಬಿಗೆ ಕೊಡಿಸುವ ಕನಿಷ್ಠ ದರ ಒಟ್ಟು ಉತ್ಪಾದನಾ ಮೌಲ್ಯದ ಶೇ 10ರ ಮಿತಿ ಮೀರಿದೆ, ರಫ್ತಿಗೆ ಸಹಾಯಧನವೂ ಸಿಗುತ್ತಿದೆ ಎಂಬುದು ದೂರಿನ ತಿರುಳು. ಆ ಮಿತಿಯ ಲೆಕ್ಕಕ್ಕೆ ಹೋಲಿಸುವ ಹೊರಗಿನ ಬೆಲೆ 1986–88ರದು. ಅಂದಿನ ಬೆಲೆಯ ಪಕ್ಕ ಇಂದಿನ ದರ ಇಟ್ಟರೆ ಯಾವ ಬೆಂಬಲವೂ ದೊಡ್ಡದಾಗಿಯೇ ಕಾಣುತ್ತದೆ. 2021ರ ಡಿಸೆಂಬರ್ 14ರಂದು ಸಮಿತಿ ಭಾರತದ ವಿರುದ್ಧ ವರದಿ ಕೊಟ್ಟಿತು. ಭಾರತ ಮೇಲ್ಮನವಿ ಹಾಕಿತು. ಆದರೆ ಮೇಲ್ಮನವಿ ಪೀಠಕ್ಕೆ ಸದಸ್ಯರ ನೇಮಕವನ್ನು ಅಮೆರಿಕ ತಡೆಹಿಡಿದಿದ್ದರಿಂದ ಆ ಪೀಠ 2019ರ ಡಿಸೆಂಬರ್‌ನಿಂದಲೇ ಕೆಲಸ ಮಾಡುತ್ತಿಲ್ಲ. ಜಡ್ಜ್ ಇಲ್ಲದ ಕೋರ್ಟಿನಲ್ಲಿ ಅಪೀಲು ಹಾಕಿದ ಹಾಗೆ. ಕಬ್ಬಿನ ದರ ಆಮೇಲೂ ವರ್ಷವರ್ಷ ಏರಿತು. ಜಾಗತಿಕ ನಿಯಮ ನಮ್ಮ ಕೈ ಕಟ್ಟಿದೆ ಎನ್ನುವವರು ಇದನ್ನು ನೆನಪಿಡಬೇಕು.

ಒಪ್ಪಂದ ಮಾಡುವ ರೀತಿಯಲ್ಲಿ ಮಾತ್ರ ನಿಜವಾದ ಕೊರತೆಯಿದೆ. ಸಂವಿಧಾನದ ಏಳನೇ ಅನುಸೂಚಿ ಕೃಷಿಯನ್ನು ರಾಜ್ಯ ಪಟ್ಟಿಯಲ್ಲಿ ಇಟ್ಟಿದೆ. ಆದರೆ 253ನೇ ವಿಧಿಯ ಪ್ರಕಾರ ವಿದೇಶಿ ಒಪ್ಪಂದ ಜಾರಿಗೆ ಸಂಸತ್ತು ಯಾವ ವಿಷಯದ ಮೇಲಾದರೂ ಕಾನೂನು ಮಾಡಬಹುದು. ಒಪ್ಪಂದಕ್ಕೆ ಸಹಿ ಹಾಕಲು ಸಂಸತ್ತಿನ ಒಪ್ಪಿಗೆಯೂ ಬೇಕಿಲ್ಲ, ಕೇಂದ್ರ ಸಚಿವ ಸಂಪುಟ ಸಾಕು. ವಿಧಾನಸಭೆಗೆ ಕೇಳುವ ಹಕ್ಕೇ ಇಲ್ಲ. ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನದಲ್ಲಿ ಎಷ್ಟು ಗದ್ದಲ ಎದ್ದರೂ ಒಂದು ವ್ಯಾಪಾರ ಒಪ್ಪಂದದ ಒಂದು ಸಾಲು ಅಲ್ಲಿಂದ ಬದಲಾಗದು.

ಹೀಗಿದ್ದೂ 2019ರ ನವೆಂಬರ್ 4ರಂದು ಭಾರತ ಏಷ್ಯಾ–ಪೆಸಿಫಿಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದವಾದ ಆರ್‌ಸಿಇಪಿಯಿಂದ ಹಿಂದೆ ಸರಿಯಿತು. ನ್ಯೂಜಿಲೆಂಡ್‌ನ ಹಾಲಿನ ಪುಡಿ ಬಂದರೆ ಗತಿಯೇನು ಎಂದು ಗುಜರಾತಿನ ಅಮುಲ್‌ನಿಂದ ನಮ್ಮ ಕೆಎಂಎಫ್‌ವರೆಗೆ ಹಾಲಿನ ಒಕ್ಕೂಟಗಳು ಎದ್ದು ನಿಂತದ್ದು ಅದಕ್ಕೆ ಒಂದು ದೊಡ್ಡ ಕಾರಣ. ಹಾಲಿನವರ ಮಾತು ನಡೆಯಿತು, ಕಬ್ಬಿನವರದು ಏಕೆ ನಡೆಯುವುದಿಲ್ಲ? ಹಾಲಿನಲ್ಲಿ ಕರೆಯುವವನೇ ಡೇರಿಯ ಸದಸ್ಯ, ಡೇರಿಯೇ ಒಕ್ಕೂಟದ ಸದಸ್ಯ, ಒಕ್ಕೂಟವೇ ಪ್ಯಾಕೆಟ್ ಮಾರುವುದು. ದನದ ಕೊಟ್ಟಿಗೆಯಿಂದ ಮಾರುಕಟ್ಟೆವರೆಗೆ ಹಿತ ಒಂದೇ ದಾರದಲ್ಲಿದೆ. ಕಬ್ಬಿನಲ್ಲಿ ದಾರ ಕಾರ್ಖಾನೆಯ ಗೇಟಿನಲ್ಲಿ ಹರಿದಿದೆ: ಒಳಗಿನವನಿಗೆ ಕಬ್ಬು ಅಗ್ಗವಾಗಬೇಕು, ಹೊರಗಿನವನಿಗೆ ದುಬಾರಿಯಾಗಬೇಕು. ಸಕ್ಕರೆಯ ಕನಿಷ್ಠ ದರ ಏರಲಿ, ರಫ್ತು ತೆರೆಯಲಿ ಎಂಬಲ್ಲಿ ಮಾತ್ರ ಇಬ್ಬರೂ ಒಂದು. (ರೈತರ ಧರಣಿಯನ್ನು ತೋರಿಸಿ ಕಾರ್ಖಾನೆಯವರು ದಿಲ್ಲಿಯಲ್ಲಿ ತಮ್ಮ ಕೆಲಸ ಮಾಡಿಸಿಕೊಳ್ಳುವುದೂ ಹೊಸದೇನಲ್ಲ.)

ಈ ಮೂರು ಜಿಲ್ಲೆಯಲ್ಲಿ ಇನ್ನೊಂದು ಗಂಟಿದೆ. ಇಲ್ಲಿನ ರಾಜಕೀಯ ಮನೆತನಗಳಲ್ಲಿ ಸಕ್ಕರೆ ಕಾರ್ಖಾನೆ ಇರುವವರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ದರ ಕೇಳಬೇಕಾದ ಪ್ರತಿನಿಧಿಯೂ ದರ ಕೊಡಬೇಕಾದ ಮಾಲೀಕನೂ ಒಬ್ಬನೇ ಆದಾಗ ಪಕ್ಷ ಬದಲಿಸಿ ಮತ ಹಾಕಿದರೆ ದರ ಬದಲಾಗುವುದಿಲ್ಲ. ಇದಕ್ಕೂ ಜಾಗತೀಕರಣಕ್ಕೂ ಸಂಬಂಧವೇ ಇಲ್ಲ.

ಈಗ ರಾಜ್ಯದ ಮಾತು. ಎಫ್‌ಆರ್‌ಪಿ, ಅಂದರೆ ನ್ಯಾಯಯುತ ಮತ್ತು ಲಾಭದಾಯಕ ದರ, ಕೇಂದ್ರದ್ದು. 2025–26ಕ್ಕೆ ಶೇ 10.25 ರಿಕವರಿಗೆ (ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪ್ರಮಾಣ) ಕ್ವಿಂಟಲ್‌ಗೆ ₹355. ರಿಕವರಿ ಶೇ 0.1 ಏರಿದರೆ ₹3.46 ಹೆಚ್ಚು, ಇಳಿದರೆ ಅಷ್ಟೇ ಕಡಿಮೆ; ಶೇ 9.5ಕ್ಕಿಂತ ಕೆಳಗೆ ಎಷ್ಟೇ ಬಿದ್ದರೂ ₹329.05. ಇದು ಕಾರ್ಖಾನೆ ಗೇಟಿನ ದರ. ಟನ್‌ಗೆ ₹3,550ರಲ್ಲಿ ಕಟಾವು ಮತ್ತು ಸಾಗಣೆಗೆ ₹800–900 ಹೋದರೆ ರೈತನಿಗೆ ₹2,700ರ ಆಸುಪಾಸು ಉಳಿಯುತ್ತದೆ. ಇದಕ್ಕಿಂತ ಹೆಚ್ಚು ಕೊಡಿಸಲು ರಾಜ್ಯಕ್ಕೆ ಅಧಿಕಾರವಿಲ್ಲ ಎಂಬ ಮಾತು ಸರಿಯಲ್ಲ. 2020ರ ಏಪ್ರಿಲ್ 22ರಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ, ಕೇಂದ್ರದ ಕನಿಷ್ಠ ದರಕ್ಕಿಂತ ಮೇಲೆ ರಾಜ್ಯ ದರ ಕಟ್ಟಬಹುದು ಎಂದು ಹೇಳಿತು. ಉತ್ತರ ಪ್ರದೇಶ ಅದನ್ನು ಮಾಡುತ್ತಲೇ ಇದೆ. 2025–26ಕ್ಕೆ ಬೇಗ ಬರುವ ತಳಿಗೆ ಕ್ವಿಂಟಲ್‌ಗೆ ₹400. ಕರ್ನಾಟಕ ಬೇರೆ ದಾರಿ ಹಿಡಿಯಿತು. 2013ರ ಕಬ್ಬು ಖರೀದಿ ಮತ್ತು ಪೂರೈಕೆ ನಿಯಂತ್ರಣ ಕಾಯ್ದೆಯಲ್ಲಿ ಕಾರ್ಖಾನೆಯ ಆದಾಯದಲ್ಲಿ ರೈತನಿಗೆ ಪಾಲು ಕೊಡುವ ವ್ಯವಸ್ಥೆ ಇಟ್ಟಿತು. ರಂಗರಾಜನ್ ಸಮಿತಿ 2012ರಲ್ಲಿ ಹೇಳಿದ್ದೂ ಅದನ್ನೇ: ಸಕ್ಕರೆ ಜೊತೆ ಉಪ ಉತ್ಪನ್ನ ಸೇರಿಸಿದರೆ ಆದಾಯದ ಶೇ 70, ಸಕ್ಕರೆ ಒಂದನ್ನೇ ಹಿಡಿದರೆ ಶೇ 75.

ಲೆಕ್ಕ ಹಾಕಿ ನೋಡೋಣ. ಶೇ 10.25 ರಿಕವರಿಯಲ್ಲಿ ಒಂದು ಟನ್ ಕಬ್ಬಿಗೆ 102.5 ಕಿಲೋ ಸಕ್ಕರೆ; ₹38ರಂತೆ ₹3,895. ಅದರ ಶೇ 75 ಎಂದರೆ ₹2,921 ಮಾತ್ರ, ಎಫ್‌ಆರ್‌ಪಿಗಿಂತ ಕಡಿಮೆ. ಅಂದರೆ ಸಕ್ಕರೆ ಒಂದೇ ನೋಡಿದರೆ ಕಾರ್ಖಾನೆಯವರ ಗೋಳಿನಲ್ಲಿ ಹುರುಳಿದೆ. ಆದರೆ ಅದೇ ಟನ್‌ನಲ್ಲಿ ಸುಮಾರು 280–300 ಕಿಲೋ ಬಗಾಸ್, ಅಂದರೆ ಹಿಂಡಿದ ಕಬ್ಬಿನ ಸಿಪ್ಪೆ, ಬರುತ್ತದೆ. ಬಾಯ್ಲರ್‌ಗೆ ಹಾಕಿ ವಿದ್ಯುತ್ ತೆಗೆದು ಮಿಕ್ಕದ್ದನ್ನು ಮಾರುತ್ತಾರೆ. 45 ಕಿಲೋ ಆಸುಪಾಸು ಕಾಕಂಬಿ ಬರುತ್ತದೆ. ಅದರಿಂದ ಹತ್ತು ಲೀಟರ್‌ನಷ್ಟು ಎಥೆನಾಲ್, ಲೀಟರ್‌ಗೆ ₹57.97. ಹಾಲನ್ನೇ ನೇರ ಎಥೆನಾಲ್ ಮಾಡಿದರೆ ಟನ್‌ಗೆ 70 ಲೀಟರ್ ಹತ್ತಿರ, ಲೀಟರ್‌ಗೆ ₹65.61ರಂತೆ ₹4,500 ದಾಟುತ್ತದೆ. ಉತ್ಪಾದನಾ ಖರ್ಚು ಬೇರೆ ಕಳೆಯಬೇಕು, ಸರಿ. ಆದರೆ ₹3,500 ಕೊಡಲು ಆಗುತ್ತದೋ ಇಲ್ಲವೋ ಎಂಬುದು ಈ ಉಪ ಉತ್ಪನ್ನಗಳ ಲೆಕ್ಕ ಕಾರ್ಖಾನೆವಾರು ಬಹಿರಂಗವಾಗದೆ ತೀರ್ಮಾನವಾಗುವ ಪ್ರಶ್ನೆಯಲ್ಲ. ಕಾನೂನು ಇದ್ದೂ ಪ್ರತಿ ನವೆಂಬರ್‌ನಲ್ಲಿ ದರ ರಸ್ತೆಯಲ್ಲೇ ಹುಟ್ಟುತ್ತಿರುವುದಕ್ಕೆ ಕಾರಣ ಇದು. ರಾಜ್ಯದ ದರ ಕಟ್ಟಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ; ಉತ್ತರ ಪ್ರದೇಶದಲ್ಲಿ ದರ ಏರಿದ ವರ್ಷಗಳಲ್ಲಿ ಬಾಕಿಯೂ ಬೆಳೆದು ರೈತರು ತಿಂಗಳುಗಟ್ಟಲೆ ಕಾದದ್ದುಂಟು.

ತಾರೀಖುಗಳ ಕಡೆ ನೋಡಿದರೆ ಇನ್ನೊಂದು ಸಂಗತಿ ಹೊರಬೀಳುತ್ತದೆ. 2025–26ರ ಎಫ್‌ಆರ್‌ಪಿಯನ್ನು ಕೇಂದ್ರ ಸಂಪುಟ ಒಪ್ಪಿದ್ದು 2025ರ ಏಪ್ರಿಲ್ 30ರಂದು. ಹಿಂದಿನ ವರ್ಷದ್ದು 2024ರ ಫೆಬ್ರವರಿ 21ರಂದು. ಧರಣಿ ಕೂತದ್ದು ಅಕ್ಟೋಬರ್ ಕೊನೆಗೆ. ದರ ಕಟ್ಟಿ ಆರು ತಿಂಗಳಾದ ಮೇಲೆ ಬಾಗಿಲು ಬಡಿದಂತಾಯಿತು. ರೈತರಿಗೆ ಇದು ತಿಳಿಯದ್ದಲ್ಲ. ಕಾರ್ಖಾನೆಯ ಬಾಯ್ಲರ್ ಹೊತ್ತುವ ಹೊತ್ತಿಗೆ ಮಾತ್ರ ಕಬ್ಬು ತಡೆಯುವ ಶಕ್ತಿ ಅವರ ಕೈಗೆ ಬರುತ್ತದೆ. ಆ ಶಕ್ತಿಗೂ ಗಡುವಿದೆ: ಅವಧಿ ಮೀರಿ ನಿಂತ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ, ಹೂ ಬಿಟ್ಟರೆ ಬೆಂಡಾಗುತ್ತದೆ. ಕಾರ್ಖಾನೆಗೂ ಗೊತ್ತು, ಎರಡು ವಾರ ಕಾದರೆ ಯಾರ ಮೈ ಮೊದಲು ಬೆವರುತ್ತದೆಂದು.

ದರ ಶಿಫಾರಸು ಮಾಡುವ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ 2025–26ಕ್ಕೆ ಕಬ್ಬಿನ ಉತ್ಪಾದನಾ ವೆಚ್ಚವನ್ನು ಕ್ವಿಂಟಲ್‌ಗೆ ₹173 ಎಂದು ಹಿಡಿಯಿತು. ಇದರಲ್ಲಿ ಕೈಯಿಂದ ಹಾಕಿದ ಖರ್ಚು ಮತ್ತು ಮನೆಮಂದಿಯ ದುಡಿಮೆ ಸೇರಿದೆ. ಸ್ವಂತ ಭೂಮಿಯ ಬಾಡಿಗೆ, ಸ್ವಂತ ಸ್ಥಿರ ಬಂಡವಾಳದ ಬಡ್ಡಿ ಸೇರಿಲ್ಲ. ದರಕ್ಕೆ ಬುಡ ಈ ಸಂಖ್ಯೆ. ರಸ್ತೆಯಲ್ಲಿ ₹3,500 ಎಂದು ಕೂಗುವವರಲ್ಲಿ ಈ ₹173ನ್ನು ಸಾಲುಸಾಲಾಗಿ ಪ್ರಶ್ನಿಸುವವರು ವಿರಳ. ಪ್ರಶ್ನಿಸಬಹುದು. ಆಯೋಗ ರಾಜ್ಯ ಸರ್ಕಾರಗಳ, ರೈತ ಸಂಘಗಳ ಅಭಿಪ್ರಾಯ ಕೇಳುತ್ತದೆ. ಸಂಸತ್ತಿನ ಸ್ಥಾಯಿ ಸಮಿತಿಗಳೂ ಸಾರ್ವಜನಿಕರಿಂದ ಮನವಿ ಪಡೆಯುತ್ತವೆ. ಆ ಮೇಜಿನ ಮೇಲೆ ನಮ್ಮ ಕಾಗದ ಇಲ್ಲದಿದ್ದರೆ ಅದು ನ್ಯೂಯಾರ್ಕ್‌ನ ತಪ್ಪಲ್ಲ.

ಕೊಲ್ಹಾಪುರಿ ಚಪ್ಪಲಿಯ ಪ್ರಕರಣವೂ ಇದನ್ನೇ ಬೇರೆ ಬಗೆಯಲ್ಲಿ ತೋರಿಸುತ್ತದೆ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತು (ಜಿಐ ಟ್ಯಾಗ್) ಮಹಾರಾಷ್ಟ್ರದ ನಾಲ್ಕು ಮತ್ತು ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳಿಗೆ ಸೇರಿದ್ದು. 2025ರ ಜೂನ್‌ನಲ್ಲಿ ಮಿಲಾನ್‌ನ ಪ್ರದರ್ಶನದಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಅಂಥದೇ ಚಪ್ಪಲಿ ತೋರಿಸಿದಾಗ ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳೂ ಸುದ್ದಿಗೆ ಬಂದರು. ಆದರೆ ಬಾಂಬೆ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ನಿಲ್ಲಲಿಲ್ಲ, ಏಕೆಂದರೆ ಅರ್ಜಿದಾರರು ಆ ಗುರುತಿನ ನೋಂದಾಯಿತ ಒಡೆಯರಲ್ಲ. ಒಡೆತನ ಇರುವುದು ಎರಡು ರಾಜ್ಯಗಳ ಚರ್ಮೋದ್ಯಮ ನಿಗಮಗಳಿಗೆ, ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ಕರ್ನಾಟಕದ ಲಿಡ್‌ಕರ್‌ಗೆ. ಚಪ್ಪಲಿ ಹೊಲಿಯುವವರು ಆ ನಿಗಮಗಳ ಆಡಳಿತ ಮಂಡಳಿಯನ್ನು ಆರಿಸುವುದಿಲ್ಲ. ಇಟಲಿಯ ಕಂಪನಿಯೊಂದಿಗೆ ಮಾತಾಡುವ ಹಕ್ಕಿತ್ತು, ಅದು ಮಾಡುವವರ ಕೈಯಲ್ಲಿ ಇರಲಿಲ್ಲ.

ಕೆಳಗಿನ ಮೆಟ್ಟಿಲುಗಳ ವಿಷಯ ಬಾಕಿ ಇದೆ. ಅಲ್ಲಿ ಹಕ್ಕು ನೇರವಾಗಿ ರೈತನದೇ, ಸೋರಿಕೆಯೂ ಅಲ್ಲೇ ಹೆಚ್ಚು.

ಸಹಕಾರಿ ಕಾರ್ಖಾನೆಯಲ್ಲಿ ಎಷ್ಟೇ ಷೇರು ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಆದರೆ ಮಹಾಸಭೆಗಳಿಗೆ ಗೈರಾದವರ, ಕನಿಷ್ಠ ವ್ಯವಹಾರ ಮಾಡದವರ ಹೆಸರು ಮತದಾರರ ಪಟ್ಟಿಯಿಂದ ಹೊರಗೆ ಬೀಳುತ್ತದೆ. ಚುನಾವಣೆ ಮುಂದೆ ಬಂದಾಗ ನೂರಾರು ಸದಸ್ಯರು ಹೈಕೋರ್ಟಿಗೆ ಓಡುವುದು, ಮತಗಳು ಪ್ರತ್ಯೇಕ ಪೆಟ್ಟಿಗೆಗೆ ಬೀಳುವುದು, ಫಲಿತಾಂಶ ತಡೆಯಾಗುವುದು ಈ ಭಾಗದಲ್ಲಿ ಮಾಮೂಲು. ಮಹಾಸಭೆಯ ನೋಟಿಸು ಕೈಗೆ ಬಂದ ದಾಖಲೆ, ಹಾಜರಿ ಪುಸ್ತಕದಲ್ಲಿನ ಸಹಿಯ ಫೋಟೊ, ಕಬ್ಬು ಕಳಿಸಿದ ಚೀಟಿ, ಈ ಮೂರನ್ನು ವರ್ಷವರ್ಷ ಜೋಡಿಸಿ ಇಟ್ಟುಕೊಂಡವನ ಹೆಸರನ್ನು ತೆಗೆಯುವುದು ಕಷ್ಟ.

ಬಿಲ್ಲಿನ ಕತೆ ಕಾನೂನಿನಲ್ಲಿ ಸ್ಪಷ್ಟ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಬರಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. 50 ಟನ್‌ಗೆ ₹3,300ರಂತೆ ₹1,65,000 ಬರಬೇಕಿತ್ತು, 60ನೇ ದಿನ ಬಂತು ಎನ್ನಿ. 46 ದಿನದ ಬಡ್ಡಿ ₹3,119 ಆಗುತ್ತದೆ. ಕೇಳದೆ ಇದು ಬರುವುದಿಲ್ಲ. ಕೇಳಲು ಕಾಟಾ (ತೂಕದ ಸೇತುವೆ) ಚೀಟಿಯ ತಾರೀಖು ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ತಾರೀಖು ಎರಡೂ ಬೇಕು. ಕಬ್ಬು ಆಯುಕ್ತರು ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಜಿಲ್ಲಾಧಿಕಾರಿಗೆ ಬರೆಯಬಹುದು. ಗೋದಾಮಿನ ಸಕ್ಕರೆ ಜಪ್ತಿಯಾಗುವವರೆಗೂ ಅದು ಹೋಗುತ್ತದೆ.

ಕಾಟಾದಲ್ಲಿ ಶೇ 2 ವ್ಯತ್ಯಾಸವಾದರೆ 20 ಟನ್‌ನ ಡಬಲ್ ಟ್ರೇಲರ್‌ಗೆ 400 ಕಿಲೋ, ಅಂದರೆ ₹1,320 ಹೋಯಿತು. ಮುದ್ರೆ ಯಾವ ವರ್ಷದ್ದು ಎಂದು ಕಾಟಾದ ಮೇಲೆಯೇ ಇರುತ್ತದೆ. ಕಾನೂನು ಮಾಪನ ಇಲಾಖೆಗೆ ಬರೆದು ಪರೀಕ್ಷೆ ಕೇಳಬಹುದು. ರಿಕವರಿಯಲ್ಲಿ ನಷ್ಟ ಇನ್ನೂ ದೊಡ್ಡದು, ಕಣ್ಣಿಗೂ ಕಾಣದು. ಶೇ 0.5 ಕಡಿಮೆ ತೋರಿಸಿದರೆ ಟನ್‌ಗೆ ₹173. ಎಕರೆಗೆ 40 ಟನ್ ಬೆಳೆದವನಿಗೆ ₹6,920. ಇಲ್ಲಿ ಹಿಂದಿನ ಹಂಗಾಮಿನ ರಿಕವರಿಯ ಮೇಲೆ ಈ ವರ್ಷದ ದರ ನಿಲ್ಲುತ್ತದೆ, ಆದ್ದರಿಂದ ಮೋಸ ಗೊತ್ತಾಗುವ ಹೊತ್ತಿಗೆ ವರ್ಷ ಕಳೆದಿರುತ್ತದೆ. ಎಥೆನಾಲ್‌ಗೆ ಹೊರಳಿಸಿದ ಸಕ್ಕರೆಯ ಅಂಶವನ್ನು ಮರಳಿ ಕೂಡಿಸಿಯೇ ರಿಕವರಿ ಕಟ್ಟಬೇಕು. ಕೂಡಿಸಿದ್ದಾರೋ ಇಲ್ಲವೋ ಎಂಬುದೇ ಕೇಳಬೇಕಾದ ಮೊದಲ ಪ್ರಶ್ನೆ. ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಬೆಳಗಾವಿಯಲ್ಲೇ ಇದೆ. ರಿಕವರಿಯನ್ನು ಕಾರ್ಖಾನೆಯ ಹೊರಗಿನವರು ಪರೀಕ್ಷಿಸಬೇಕು ಎಂದರೆ ಪರಿಣತಿಗಾಗಿ ದೂರ ಹೋಗಬೇಕಿಲ್ಲ.

ಮುಂದಿನ ಹಂಗಾಮಿನ ದರಕ್ಕೆ ಮಾತು ಆಡಬೇಕಾದದ್ದು ಕಟಾವಿಗೆ ಮೊದಲೇ, ಬೀಜ ಹಾಕುವ ಹೊತ್ತಿಗೆ. ಗ್ರಾಮಸಭೆಯಲ್ಲಿ ಹತ್ತು ಹದಿನೈದು ಬೆಳೆಗಾರರ ಖರ್ಚಿನ ಪಟ್ಟಿ ಒಟ್ಟುಮಾಡಿ ಠರಾವು ಮಾಡಿ, ಕೃಷಿ ಇಲಾಖೆಗೂ ಬೆಲೆ ಆಯೋಗಕ್ಕೂ ಕಳಿಸಬಹುದು. ಪಟ್ಟಿಯಲ್ಲಿ ನಾಟಿ ಕಬ್ಬು ಮತ್ತು ಕೂಳೆ (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬು) ಬೇರೆ ಬೇರೆ ಇರಬೇಕು, ಏಕೆಂದರೆ ಕೂಳೆಯಲ್ಲಿ ಬೀಜದ ಖರ್ಚಿಲ್ಲದೆ ಸರಾಸರಿ ಕೆಳಗೆ ಎಳೆಯುತ್ತದೆ. ನೀರಿಗೆ ಕೊಟ್ಟ ದುಡ್ಡು, ಗೊಬ್ಬರದ ರಸೀದಿ, ಆಳಿನ ಕೂಲಿ, ಕಟಾವು ಗ್ಯಾಂಗಿನವರು ಬಿಲ್ಲಿನ ಹೊರಗೆ ಕೇಳಿ ತೆಗೆದುಕೊಂಡದ್ದು, ಟ್ರ್ಯಾಕ್ಟರ್ ಚಾಲಕನಿಗೆ ಪ್ರತಿ ಖೇಪಿಗೆ ಕೊಟ್ಟದ್ದು, ಇವಕ್ಕೆ ಒಂದೊಂದು ಸಾಲು ಬೇಕು. ಬಿಲ್ಲಿನ ಹೊರಗಿನ ಆ ಎರಡು ಖರ್ಚಿಗೆ ರಸೀದಿ ಇರುವುದಿಲ್ಲ. ಆದ್ದರಿಂದ ಅವು ಸರ್ಕಾರಿ ಲೆಕ್ಕಕ್ಕೆ ಸಿಗುವುದು ಕಷ್ಟ. ಕೊಟ್ಟ ದಿನವೇ ತಾರೀಖು, ಮೊತ್ತ, ಗಾಡಿಯ ನಂಬರು ಬರೆದಿಟ್ಟರೆ ಮಾತ್ರ ಪಟ್ಟಿಗೆ ಏರುತ್ತವೆ.